ಯಾವ ತಂಡಕ್ಕೆ, ಎಷ್ಟು ದುಡ್ಡಿಗೆ: ಅಭಿಮಾನಿಗೆ ಯಾಕೆ ಈ ಲೆಕ್ಕ?

ಪ್ರಶ್ನೆ: ಬೇಸ್‌ಬಾಲ್‌ನ ದೊಡ್ಡ ಆಟಗಾರನೊಬ್ಬ ಫ್ರೀ ಏಜೆಂಟ್ ಆದಾಗ (ಅಂದರೆ ಒಪ್ಪಂದ ಮುಗಿದು, ಇಷ್ಟ ಬಂದ ತಂಡಕ್ಕೆ ಹೋಗಲು ಸ್ವತಂತ್ರನಾದಾಗ), ಅವನು ಎಲ್ಲಿಗೆ ಹೋಗುತ್ತಾನೆ, ಎಷ್ಟು ಸಿಗುತ್ತದೆ ಎಂದು ಅಭಿಮಾನಿಗಳು ವಾರಗಟ್ಟಲೆ ಊಹಿಸುತ್ತಾ ಕೂರುವುದು ಸರಿಯೇ?

ಪರ: ಚಳಿಗಾಲದಲ್ಲಿ ಮತ್ತೇನು ಮಾಡೋದು?
(ನ್ಯೂಜೆರ್ಸಿಯ ಎಡಿಸನ್‌ನಿಂದ)

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ರಿಕೆಟ್ ಮನುಷ್ಯ. ಬೇಸ್‌ಬಾಲ್ ಹುಚ್ಚು ಇರುವುದು ನನ್ನ ಮಗನಿಗೆ. "ಪರ ಬರೆಯೋಕೆ ಯಾರೂ ಸಿಗ್ತಿಲ್ಲ, ನೀವೇ ಬರೆದುಕೊಡಿ" ಎಂದರು ಈ ಚರ್ಚೆ ನಡೆಸುವವರು. ಹ್ಞೂಂ ಎಂದೆ. ಸಾರು ಸ್ವಲ್ಪ ನೀರಾಗಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ.

ಬೇಸ್‌ಬಾಲ್ ಸೀಸನ್‌ನಲ್ಲಿ ಒಂದೊಂದು ತಂಡಕ್ಕೆ 162 ಪಂದ್ಯ. ಹೆಚ್ಚುಕಡಿಮೆ ದಿನವೂ ಆಟ. ನವೆಂಬರ್ ಬಂತೆಂದರೆ ಎಲ್ಲ ಬಂದ್. ಮತ್ತೆ ಶುರುವಾಗುವುದು ಮಾರ್ಚ್ ಕೊನೆಗೆ. ಇಲ್ಲಿ ಆಗ ನಾಲ್ಕೂವರೆಗೇ ಕತ್ತಲು, ಹೊರಗೆ ಹಿಮ. ಊರಲ್ಲಾದರೆ ಅರಳಿಕಟ್ಟೆ ಇರುತ್ತದೆ. ಇಲ್ಲಿನವರು ಹಿಂದೆ ಅಂಗಡಿಯ ಒಲೆಯ ಸುತ್ತ ಕೂತು ಬೇಸ್‌ಬಾಲ್ ಹರಟೆ ಹೊಡೆಯುತ್ತಿದ್ದರಂತೆ. ಅದಕ್ಕೇ ಇವತ್ತಿಗೂ ಈ ಚರ್ಚೆಗೆ 'ಹಾಟ್ ಸ್ಟೋವ್' ಎಂದೇ ಹೆಸರು. ಚಳಿಗಾಲದಲ್ಲಿ ಜನಕ್ಕೆ ಮಾತಾಡಲು ಏನಾದರೂ ಬೇಕಲ್ವಾ?

ನಾವೇನು ಕಡಿಮೆಯೇ? 2024ರ ನವೆಂಬರ್‌ನಲ್ಲಿ ಕೆ.ಎಲ್. ರಾಹುಲ್ ಆರ್‌ಸಿಬಿಗೆ ಬಂದೇ ಬರುತ್ತಾರೆ ಎಂದು ಎಷ್ಟು ಜನ ಹೇಳಿರಲಿಲ್ಲ? ಡೆಲ್ಲಿಯವರು 14 ಕೋಟಿಗೆ ಎತ್ತಿಕೊಂಡು ಹೋದರು. ಸುತ್ತಿಗೆ ಬಿತ್ತು, ಕಥೆ ಮುಗಿಯಿತು. ಅದೇ ಹೊತ್ತಿಗೆ ಇಲ್ಲಿ ಹುವಾನ್ ಸೋಟೊ ಎಂಬ ಆಟಗಾರ ನ್ಯೂಯಾರ್ಕಿನ ಯಾಂಕೀಸ್ ತಂಡದಲ್ಲೇ ಉಳಿಯುತ್ತಾರಾ, ಅದೇ ಊರಿನ ಇನ್ನೊಂದು ತಂಡ ಮೆಟ್ಸ್‌ಗೆ ಹೋಗುತ್ತಾರಾ ಎಂಬ ಮಾತು ನಡೆದಿತ್ತು. ಇಲ್ಲಿ ಸುತ್ತಿಗೆ ಇಲ್ಲ. ಯಾರು ಎಷ್ಟೇ ಕೂಗಲಿ, ಹೋಗುವುದು ಬಿಡುವುದು ಆಟಗಾರನ ಇಷ್ಟ. ಆ ಹಕ್ಕು ಸುಮ್ನೆ ಬಂದದ್ದಲ್ಲ. 1969ರಲ್ಲಿ ಕರ್ಟ್ ಫ್ಲಡ್ ಎಂಬ ಆಟಗಾರ ತಮ್ಮನ್ನು ಬೇರೆ ತಂಡಕ್ಕೆ ಸಾಗಹಾಕಿದ್ದನ್ನು ಒಪ್ಪದೆ ಸುಪ್ರೀಂ ಕೋರ್ಟಿನವರೆಗೆ ಹೋದರು. 1972ರಲ್ಲಿ ಸೋತರು. 1975ರ ಡಿಸೆಂಬರ್‌ನಲ್ಲಿ ಬೇರೆ ಇಬ್ಬರು ಆಟಗಾರರ ದೂರಿನ ಮೇಲೆ ಮಧ್ಯಸ್ಥಗಾರರೊಬ್ಬರು ತೀರ್ಪು ಕೊಟ್ಟ ಮೇಲೆ ಬಾಗಿಲು ತೆರೆಯಿತು. "ಎಲ್ಲಿಗೆ ಹೋಗುತ್ತಾನೋ" ಎಂದು ಜನ ಕೇಳುವಂತಾದದ್ದೇ ಆಮೇಲೆ.

ಇನ್ನು ಮನೆಯ ಕಥೆ. 2023ರ ಡಿಸೆಂಬರ್‌ನಲ್ಲಿ ಜಪಾನಿನ ಆಟಗಾರ ಶೋಹೇ ಒಹ್ತಾನಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡಕ್ಕೆ ಸಹಿ ಹಾಕಿದರು. 10 ವರ್ಷ, 700 ಮಿಲಿಯನ್ ಡಾಲರ್. ಆದರೆ ವರ್ಷಕ್ಕೆ ಕೈಗೆ ಬರುವುದು 2 ಮಿಲಿಯನ್ ಮಾತ್ರ. ಉಳಿದ 680 ಮಿಲಿಯನ್ ಬರುವುದು 2034ರಿಂದ 2043ರವರೆಗೆ, ಬಡ್ಡಿಯಿಲ್ಲದೆ. ಆಟಗಾರರ ಸಂಬಳ ಮಿತಿ ಮೀರಿದರೆ ತಂಡ ಕಟ್ಟಬೇಕಾದ ತೆರಿಗೆಯ ಲೆಕ್ಕದಲ್ಲಿ ಆ ಒಪ್ಪಂದವನ್ನು ವರ್ಷಕ್ಕೆ 70 ಅಲ್ಲ, ಸುಮಾರು 46 ಮಿಲಿಯನ್ ಎಂದೇ ಹಿಡಿಯುತ್ತಾರೆ. ಮಗ ಹಿಡಿದ ಪಟ್ಟು ಬಿಡಲಿಲ್ಲ. "ದುಡ್ಡು ಅಷ್ಟೇ ತಾನೇ ಅಪ್ಪ? ಯಾಕೆ ಕಮ್ಮಿ ಆಯ್ತು?" ನಾನು ಬಡ್ಡಿ, ಬೆಲೆ ಏರಿಕೆ ಎಂದು ಏನೇನೋ ಹೇಳಿದೆ. ತಲೆಗೆ ಹೋಗಲಿಲ್ಲ.

ಭಾನುವಾರ ಮಂಡ್ಯದಿಂದ ಅಮ್ಮನ ಫೋನ್ ಬಂತು. ಅಮ್ಮ ಮೂವತ್ತು ವರ್ಷ ಬೀದಿಯವರ ಜೊತೆ ಚೀಟಿ ನಡೆಸಿದವರು. ಮಗ ಅವರನ್ನೇ ಕೇಳಿದ. "ಇಪ್ಪತ್ತು ಜನ, ತಿಂಗಳಿಗೆ ಐದೈದು ಸಾವಿರ ಹಾಕ್ತಾರೆ ಅಂದ್ಕೋ. ಲಕ್ಷದ ಚೀಟಿ. ಮೊದಲನೇ ತಿಂಗಳೇ ಬೇಕು ಅನ್ನೋನು ಎಪ್ಪತ್ತೈದು ಸಾವಿರಕ್ಕೆ ಕೂಗಿ ಎತ್ಕೊಂಡು ಹೋಗ್ತಾನೆ. ಕೊನೇ ತನಕ ಕಾಯೋನಿಗೆ ಪೂರ್ತಿ ಲಕ್ಷ. ನಿಮ್ಮ ಆಟಗಾರ ಕೊನೇ ಚೀಟಿ ಇಟ್ಕೊಂಡಿದಾನೆ ಕಣೋ, ಅಷ್ಟೇ!" ಎಂದರು. ಹುಡುಗನಿಗೆ ತಟ್ಟನೆ ಹೊಳೆಯಿತು. ನಾನು ಎಂಬಿಎ ಮಾಡಿದವನು, ಇರಲಿ.

ಅಭಿಮಾನಿಗಳು ಈ ಲೆಕ್ಕದಲ್ಲಿ ತಲೆ ಹಾಕದೆ ಇದ್ದಿದ್ದರೆ ನಮ್ಮ ಮನೆಯಲ್ಲಿ ಈ ಮಾತು ಬರುತ್ತಲೇ ಇರಲಿಲ್ಲ. ನನ್ನ ವಾದ ಇಷ್ಟೇ. ಅಮ್ಮ ಮಾತ್ರ ಈಗಲೂ ಫೋನ್ ಮಾಡಿದಾಗ ಒಮ್ಮೊಮ್ಮೆ ಕೇಳುತ್ತಾರೆ, "ಆ ಜಪಾನ್ ಹುಡುಗನ ಚೀಟಿ ದುಡ್ಡು ಬಂತೇನೋ?"

ವಿರೋಧ: 'ಬೇರೆ ಪಾರ್ಟಿ ಇದೆ ಸಾರ್'
(ಕ್ಯಾಲಿಫೋರ್ನಿಯಾದ ಸನಿವೇಲ್‌ನಿಂದ)

ನನ್ನ ಬೀರುವಿನಲ್ಲಿ ಒಂದು ಜೆರ್ಸಿ ಇದೆ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ್ದು, ಕಿತ್ತಳೆ ಬಣ್ಣ. ಬೆನ್ನ ಮೇಲೆ 'ಜಡ್ಜ್', ಕೆಳಗೆ 99. ಆದರೆ ಆ ಹೆಸರಿನ ಆಟಗಾರ ಆರನ್ ಜಡ್ಜ್ ಜೈಂಟ್ಸ್ ಪರ ಒಂದೇ ಒಂದು ಪಂದ್ಯವನ್ನೂ ಆಡಿಲ್ಲ.

2022ರ ಆ ಚಳಿಗಾಲವನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ವರ್ಷ ಜಡ್ಜ್ ಯಾಂಕೀಸ್‌ಗೆ 62 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ) ಹೊಡೆದಿದ್ದರು. ರಾಜರ್ ಮಾರಿಸ್ 1961ರಲ್ಲಿ ಬರೆದ 61ರ ಅಮೆರಿಕನ್ ಲೀಗ್ (ಇಲ್ಲಿನ ಎರಡು ಲೀಗ್‌ಗಳಲ್ಲಿ ಒಂದು) ದಾಖಲೆ ಮುರಿದಿತ್ತು. ಮನುಷ್ಯ ಬೆಳೆದದ್ದು ನಮ್ಮ ಕ್ಯಾಲಿಫೋರ್ನಿಯಾದ ಲಿಂಡನ್ ಎಂಬ ಸಣ್ಣ ಊರಿನಲ್ಲಿ. ಚಿಕ್ಕವನಿದ್ದಾಗ ಜೈಂಟ್ಸ್ ಅಭಿಮಾನಿ. ಇನ್ನೇನು ಬೇಕು? ತವರಿಗೆ ಬರುತ್ತಾನೆ ಎಂದು ನಾವೇ ತೀರ್ಮಾನ ಮಾಡಿಬಿಟ್ಟೆವು. ನವೆಂಬರ್‌ನಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿಳಿದ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಬಂದದ್ದು ಮನೆಯವರನ್ನು, ಗೆಳೆಯರನ್ನು ನೋಡಲು ಎಂದು ಅವರೇ ಹೇಳಿದ್ದರು. ನಾವು ಕಣ್ಣು ಮಿಟುಕಿಸಿ ನಕ್ಕೆವು.

ಡಿಸೆಂಬರ್ 6ರ ಮಧ್ಯಾಹ್ನ. ಹೆಸರುವಾಸಿ ವರದಿಗಾರರೊಬ್ಬರು ಜಡ್ಜ್ ಜೈಂಟ್ಸ್ ಕಡೆ ಹೊರಟಂತಿದೆ ಎಂದು ಟ್ವಿಟರ್‌ನಲ್ಲಿ ಬರೆದರು. ಅವಸರದಲ್ಲಿ 'ಆರನ್' ಬದಲು 'ಆರ್ಸನ್' ಎಂದು ಬರೆದಿದ್ದರು. ಆರ್ಸನ್ ಎಂದರೆ ಬೆಂಕಿ ಹಚ್ಚುವುದು. ಅಪಶಕುನ ಎಂದು ನನಗೆ ಅನ್ನಿಸಬೇಕಿತ್ತು. ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಜೆರ್ಸಿಗೆ ಆರ್ಡರ್ ಹಾಕಿದೆ. ಇನ್ನೂರು ಡಾಲರ್ ಹತ್ತಿರ. ಆರ್ಡರ್ ಖಚಿತವಾದ ಇಮೇಲ್ ಬರುವಷ್ಟರಲ್ಲಿ ಆ ಸಾಲು ಮಾಯವಾಗಿತ್ತು. ಮರುದಿನ ಬೆಳಿಗ್ಗೆ ಎದ್ದರೆ ಜಡ್ಜ್ ಯಾಂಕೀಸ್‌ನಲ್ಲೇ ಉಳಿದಿದ್ದರು. 9 ವರ್ಷ, 360 ಮಿಲಿಯನ್. ಹೆಸರು ಹಾಕಿಸಿದ ಜೆರ್ಸಿ ವಾಪಸ್ ತಗೊಳ್ಳುವುದಿಲ್ಲ ಎಂದು ಅಂಗಡಿಯವರು ಹೇಳಿದರು. ನನ್ನ ಹೆಂಡತಿ ಏನು ಹೇಳಿದಳು ಎಂದು ಇಲ್ಲಿ ಬರೆಯುವುದಿಲ್ಲ.

ಇಷ್ಟು ಸಾಲದೆಂದು ಒಂದೇ ವಾರಕ್ಕೆ ಕಾರ್ಲೋಸ್ ಕೊರಿಯಾ ಎಂಬ ಇನ್ನೊಬ್ಬ ಆಟಗಾರನ ಪ್ರಕರಣ. ಜೈಂಟ್ಸ್ ಜೊತೆ 13 ವರ್ಷ, 350 ಮಿಲಿಯನ್‌ಗೆ ಮಾತಾಯಿತು. ಡಿಸೆಂಬರ್ 20ಕ್ಕೆ ಪತ್ರಿಕಾಗೋಷ್ಠಿ ಗೊತ್ತಾಗಿತ್ತು. ಅವತ್ತೇ ರದ್ದು. ವೈದ್ಯರ ಪರೀಕ್ಷೆಯಲ್ಲಿ ಕಾಲಿನ ಹಳೇ ಗಾಯದ ತಕರಾರು. ರಾತ್ರೋರಾತ್ರಿ ಮೆಟ್ಸ್ ಜೊತೆ 12 ವರ್ಷ, 315 ಮಿಲಿಯನ್ ಎಂದರು. ಅವರಿಗೂ ಅದೇ ಕಾಲಿನ ಚಿಂತೆ. ಕೊನೆಗೆ ಜನವರಿಯಲ್ಲಿ ಹಳೇ ತಂಡ ಮಿನ್ನೆಸೋಟಾಕ್ಕೇ, 6 ವರ್ಷ, 200 ಮಿಲಿಯನ್‌ಗೆ. ಛತ್ರ ಬುಕ್ ಆಗಿ, ಪತ್ರಿಕೆ ಹಂಚಿದ ಮೇಲೂ ಮದುವೆ ಮುರಿಯುತ್ತದೆ. ಹುಡುಗಿ ನೋಡುವ ಶಾಸ್ತ್ರಕ್ಕೇ ಊಟದ ಎಲೆ ಹಾಸಿ ಕೂತವರು ನಾವು.

ಆಮೇಲೆ ಯೋಚಿಸಿದೆ. ಈ ಗಾಳಿಸುದ್ದಿ ಯಾರಿಗಾಗಿ? ಅಪ್ಪ ಕೆಂಗೇರಿ ಕಡೆ ಸೈಟ್ ನೋಡುವಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಬ್ರೋಕರ್ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದ. "ಬೇರೆ ಪಾರ್ಟಿ ಇದೆ ಸಾರ್, ನಾಳೆ ಬೆಳಿಗ್ಗೆ ಅಡ್ವಾನ್ಸ್ ಕೊಡ್ತಾರೆ." ಆ ಪಾರ್ಟಿಯನ್ನು ನಾವು ಯಾವತ್ತೂ ನೋಡಲಿಲ್ಲ. ಬೇಸ್‌ಬಾಲ್‌ನಲ್ಲೂ ಆ ಪಾರ್ಟಿ ಇದೆ, ಹೆಸರು 'ಮಿಸ್ಟರಿ ಟೀಮ್'. ಹೆಸರು ಹೇಳದ ಒಂದು ತಂಡವೂ ಸಾಲಿನಲ್ಲಿದೆ ಎಂಬ ಪಿಸುಮಾತು ಪ್ರತಿ ಚಳಿಗಾಲವೂ ಏಳುತ್ತದೆ. ಕೆಲವು ಸಲ ನಿಜವೂ ಆಗುತ್ತದೆ, ಅದೇ ತೊಂದರೆ. ಅದನ್ನು ಪುಕ್ಕಟೆ ಊರೆಲ್ಲ ಹಂಚುವವರು ನಾವು. ಬೆಲೆ ಏರುವುದು ಆಟಗಾರರದು, ಕಮಿಷನ್ ಏಜೆಂಟರದು, ನಿದ್ದೆಗೆಡುವುದು ನಮ್ಮದು.

ಒಹ್ತಾನಿಯ ವಿಷಯದಲ್ಲಂತೂ ಎಲ್ಲೆ ಮೀರಿತು. ಅವರ ನಾಯಿಯ ಹೆಸರು ಗೊತ್ತಾದರೆ ತಂಡ ಗೊತ್ತಾಗುತ್ತದೆ ಎಂದು ಜನ ತಲೆ ಕೆಡಿಸಿಕೊಂಡರು. 2023ರ ಡಿಸೆಂಬರ್ 8ರಂದು ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಟೊರಾಂಟೊಗೆ ಹೊರಟ ಒಂದು ಖಾಸಗಿ ವಿಮಾನವನ್ನು, ಅಲ್ಲಿನ ತಂಡ ಸೇರಲು ಒಹ್ತಾನಿ ಅದರಲ್ಲೇ ಹೊರಟಿದ್ದಾರೆ ಎಂದು ನಂಬಿ, ಸಾವಿರಾರು ಜನ ಪರದೆಯ ಮೇಲೆ ಹಿಂಬಾಲಿಸಿದರು. ನಾನೂ ಹಿಂಬಾಲಿಸಿದೆ, ಸುಳ್ಳು ಯಾಕೆ ಹೇಳಲಿ. ವಿಮಾನದಿಂದ ಇಳಿದದ್ದು ಕೆನಡಾದ ಉದ್ಯಮಿ ರಾಬರ್ಟ್ ಹರ್ಜಾವೆಕ್. ಒಹ್ತಾನಿ ಮನೆಯಲ್ಲೇ ಇದ್ದರು. ಮರುದಿನ ಅವರೇ ಡಾಡ್ಜರ್ಸ್ ಎಂದು ತಿಳಿಸಿದರು. ಅಷ್ಟು ಹೊತ್ತು ಟೊರಾಂಟೊದ ಅಭಿಮಾನಿಗಳು ಕುಣಿದದ್ದನ್ನು ನೋಡಿ ನನಗೆ ನನ್ನ ಜೆರ್ಸಿಯೇ ನೆನಪಾಯಿತು.

ನನಗೆ ನಿಜಕ್ಕೂ ಸಿಟ್ಟು ಬರುವುದು ಸೋಟೊ ವಿಷಯಕ್ಕೆ. ಯಾಂಕೀಸ್ 16 ವರ್ಷಕ್ಕೆ 760 ಮಿಲಿಯನ್ ಕೊಡಲು ಸಿದ್ಧವಿತ್ತು. ಮೆಟ್ಸ್ 15 ವರ್ಷಕ್ಕೆ 765 ಕೊಟ್ಟಿತು. ನಮ್ಮ ದುಡ್ಡಿನಲ್ಲಿ ಆಗ 6,400 ಕೋಟಿಗೂ ಜಾಸ್ತಿ. ಮೆಟ್ಸ್‌ಗೆ ಹೋದರು. 2025ರ ಮೇನಲ್ಲಿ ಯಾಂಕೀಸ್ ಮೈದಾನಕ್ಕೆ ಬಂದಾಗ ಜನ ಕೂಗಿ ಹೀಯಾಳಿಸಿದರು, ಕೆಲವರು ಎದ್ದು ನಿಂತು ಬೆನ್ನು ತೋರಿಸಿದರು. ಆ ಮನುಷ್ಯ ಯಾಂಕೀಸ್‌ಗೆ ಏನು ಮಾತು ಕೊಟ್ಟಿದ್ದರು? ಏನೂ ಇಲ್ಲ. 2022ರಲ್ಲೇ ಆಗಿನ ತಮ್ಮ ತಂಡ ವಾಷಿಂಗ್ಟನ್ ಕೊಡಲು ಬಂದ 440 ಮಿಲಿಯನ್ ಬೇಡ ಎಂದವರು, ಮಾರುಕಟ್ಟೆಗೆ ಹೋಗುತ್ತೇನೆ ಎಂದು ಅದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳುವುದು? ವರ್ಷವಿಡೀ 'ನಮ್ಮವನು, ಇಲ್ಲೇ ಇರ್ತಾನೆ' ಎಂದುಕೊಂಡವರು ಅಭಿಮಾನಿಗಳು. ಮೋಸಗಾರ ಎಂಬ ಹೆಸರು ಹೊತ್ತವರು ಸೋಟೊ.

ಎದುರು ಬರೆಯುವವರು ಏನು ಹೇಳುತ್ತಾರೆ ಎಂದು ನನಗೆ ಗೊತ್ತಿದೆ. ಮಕ್ಕಳು ಲೆಕ್ಕ ಕಲಿಯುತ್ತಾರೆ ಎನ್ನುತ್ತಾರೆ. ಮಗ್ಗಿ ಪುಸ್ತಕಕ್ಕೆ ಏನಾಗಿದೆ? ಕರ್ಟ್ ಫ್ಲಡ್ ಹೆಸರನ್ನೂ ಎಳೆದು ತರುತ್ತಾರೆ. ಆ ಮಹಾನುಭಾವರು ಸುಪ್ರೀಂ ಕೋರ್ಟಿಗೆ ಹೋದದ್ದು ನಾವು ಕೆಲಸ ಬಿಟ್ಟು ವಿಮಾನ ನೋಡುತ್ತಾ ಕೂರಲಿ ಎಂದೇ?

ಊಹೆಯಿಲ್ಲದ ಖುಷಿ ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು 2025ರ ಜೂನ್ 15ಕ್ಕೆ. ಭಾನುವಾರ ಸಂಜೆ ಇಂಡಿಯನ್ ಅಂಗಡಿಯಲ್ಲಿ ಹೀರೇಕಾಯಿ ಆರಿಸುತ್ತಿದ್ದೆ. ಫೋನ್ ನೋಡಿದರೆ ಬಾಸ್ಟನ್‌ನ ರಫಾಯೆಲ್ ಡೆವರ್ಸ್ ಜೈಂಟ್ಸ್‌ಗೆ ಬಂದಾಗಿತ್ತು. ನಾನು ಓದುವ ಯಾರೂ ಇದರ ವಾಸನೆ ಹಿಡಿದಿರಲಿಲ್ಲ. ನಾಯಿ ಇಲ್ಲ, ವಿಮಾನ ಇಲ್ಲ, ಬೇರೆ ಪಾರ್ಟಿ ಇಲ್ಲ. ಪಕ್ಕದಲ್ಲಿ ಕೊತ್ತಂಬರಿ ನೋಡುತ್ತಿದ್ದ ಅಜ್ಜಿಗೂ ಹೇಳಿಬಿಟ್ಟೆ. "ಒಳ್ಳೇದಾಗ್ಲಿ ಮಗಾ" ಎಂದರು, ಯಾರು ಏನು ಎಂದು ಕೇಳಲಿಲ್ಲ.

ಡೆವರ್ಸ್‌ನ 16ರ ಜೆರ್ಸಿಯನ್ನು ಮಾತ್ರ ಅವತ್ತು ಕೊಳ್ಳಲಿಲ್ಲ. ಎರಡು ದಿನ ಬಿಟ್ಟು ಅವರು ನಮ್ಮ ಮೈದಾನದಲ್ಲಿ ಬ್ಯಾಟ್ ಹಿಡಿದು ನಿಂತದ್ದನ್ನು ನೋಡಿದ ಮೇಲೆ ಆರ್ಡರ್ ಹಾಕಿದೆ.