ಸತ್ಯಾಂಶ: ಸೆಮಿ ಆಟೋಮ್ಯಾಟಿಕ್ ರೈಫಲ್‌ನಲ್ಲಿ ಗುಂಡಿನ ಶಕ್ತಿ ಅರ್ಧ ಆಗುತ್ತಾ?

"ಸೆಮಿ ಆಟೋಮ್ಯಾಟಿಕ್ ರೈಫಲ್ ಗುಂಡಿನ ಗ್ಯಾಸ್ ಕದಿಯುತ್ತದೆ, ಅದಕ್ಕೇ ಗುಂಡು ಅರ್ಧ ದೂರವೂ ಹೋಗಲ್ಲ, ಪದೇ ಪದೇ ಜಾಮ್ ಬೇರೆ" ಎಂಬ ಫಾರ್ವರ್ಡ್ ಓಡಾಡುತ್ತಿದೆ. ಟ್ರಿಗರ್ ಎಳೆದಷ್ಟು ಸಲ ಒಂದೊಂದೇ ಗುಂಡು ಹಾರಿಸಿ, ಮುಂದಿನದನ್ನು ತಾನೇ ತುಂಬಿಕೊಳ್ಳುವ ಈ ರೈಫಲ್‌ಗಳಲ್ಲಿ ಹೆಚ್ಚಿನವು ಅದಕ್ಕಾಗಿ ಮದ್ದು ಉರಿದಾಗ ಬರುವ ಗ್ಯಾಸ್ ಬಳಸುವುದು ನಿಜ. ಆದರೆ ಎಷ್ಟು, ಯಾವಾಗ? ನಳಿಗೆಯ ಸಣ್ಣ ತೂತಿನಿಂದ ಸ್ವಲ್ಪವೇ ಗ್ಯಾಸ್ ಆ ಕೆಲಸಕ್ಕೆ ಹೋಗುತ್ತದೆ, ಅದೂ ಗುಂಡು ಆ ತೂತನ್ನು ದಾಟಿದ ಮೇಲೆ. 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಎಂ1 ಗರಾಂಡ್ ಎಂಬ ಸೆಮಿ ಆಟೋಮ್ಯಾಟಿಕ್ ರೈಫಲ್‌ನಲ್ಲಿ ಗ್ಯಾಸ್ ತೆಗೆಯುವ ಜಾಗ ನಳಿಗೆಯ ತುದಿಯ ಹತ್ತಿರವೇ ಇದೆ. ಅಷ್ಟು ಹೊತ್ತಿಗೆ ಗುಂಡು ಹೊರಬೀಳುವುದರಲ್ಲಿರುತ್ತದೆ. ಇನ್ನು ಕದಿಯಲು ಉಳಿದಿದ್ದೇನು, ಅಲ್ವಾ? ವೇಗದ ನಷ್ಟ ಲೆಕ್ಕಕ್ಕೆ ಬರದಷ್ಟು ಕಡಿಮೆ. ದೂರ ನಿಂತಿರುವುದು ಕಾಟ್ರಿಜ್ (ಗುಂಡು, ಮದ್ದು ಸೇರಿದ ತೋಟಾ), ಗುಂಡಿನ ಆಕಾರ, ನಳಿಗೆಯ ಉದ್ದದ ಮೇಲೆ.

ಜಾಮ್ ಮಾತಿನಲ್ಲಿ ಒಂಚೂರು ಹುರುಳಿದೆ. ತಾನಾಗಿ ಓಡಾಡುವ ಭಾಗಗಳು ಜಾಸ್ತಿ. ಕಟ್ಟಿದ ಮಸಿ, ಎಣ್ಣೆ ಆರಿದ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಭಾಗ), ಬಾಗಿದ ಮ್ಯಾಗಜೀನ್ (ತೋಟಾ ತುಂಬಿಡುವ ಡಬ್ಬಿ) ಸಾಕು ತೊಂದರೆ ಕೊಡಲು.