ಗಡಿಯಾರ ಕಾಣಿಸ್ತಾ ಇದೆಯಾ?

ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅತ್ತೆ ಕೇಳಿದರು, "ಬೆಂಗಳೂರಲ್ಲಿ ನಿಂದು ಏನಪ್ಪಾ ಕೆಲಸ?"

"ಜಿಆರ್‌ಸಿ ಅತ್ತೆ. ಗವರ್ನೆನ್ಸ್, ರಿಸ್ಕ್, ಕಂಪ್ಲಯನ್ಸ್."

"ಅಂದ್ರೆ, ಕಂಪ್ಯೂಟರ್‌ಗೆ ಬೀಗ ಹಾಕೋದಾ?"

"ಬೀಗ ಹಾಕೋರು ಬೇರೆ. ಹಾಕಿದ್ದಕ್ಕೆ ಫೋಟೋ ಇದೆಯಾ ಅಂತ ಕೇಳೋದು ನಾನು."

ಅತ್ತೆ ಹೋಳಿಗೆ ಮುರಿಯುತ್ತಾ, "ಇದಕ್ಕೂ ಸಂಬಳ ಕೊಡ್ತಾರಾ?" ಅಂದರು. ಕೊಡುತ್ತಾರೆ. ತಿಂಗಳು ತಿಂಗಳು ಸರಿಯಾಗಿ ಕೊಡುತ್ತಾರೆ.

ನಮ್ಮ ಧರ್ಮಗ್ರಂಥದ ಹೆಸರು ಐಎಸ್‌ಒ 27001, ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡ. 2022ರ ಆವೃತ್ತಿಯಲ್ಲಿ 93 ಕಂಟ್ರೋಲ್‌ಗಳಿವೆ, ಅಂದರೆ ಭದ್ರತೆಯ ಕಟ್ಟುಪಾಡುಗಳು. ಹಿಂದಿನದರಲ್ಲಿ 114 ಇದ್ದವು. ಭಾರ ಇಳಿಯಿತು ಅಂದುಕೊಳ್ಳಬೇಡಿ, ಹಳೆಯ ಕೆಲವನ್ನು ಒಂದರೊಳಗೊಂದು ಸೇರಿಸಿ ಹೊಸದಾಗಿ 11 ತಂದಿದ್ದಾರೆ. ಮೇಜಿನ ಮೇಲೆ ಕಾಗದ ಬಿಟ್ಟು ಹೋಗಬಾರದು ಅನ್ನುವುದಕ್ಕೂ ಒಂದು ಕಂಟ್ರೋಲ್ ಇದೆ. ಗ್ರಂಥ ಚೆನ್ನಾಗಿಯೇ ಇದೆ. ಎಡವಟ್ಟು ಆಗುವುದು ಪೂಜೆಯಲ್ಲಿ.

ಪೂಜೆ ಅಂದರೆ ಆಡಿಟ್. ನೈವೇದ್ಯ ಅಂದರೆ ಸ್ಕ್ರೀನ್‌ಶಾಟ್. ಅದರ ಬಲಗಡೆ ಮೂಲೆಯಲ್ಲಿ ತಾರೀಕು, ಗಡಿಯಾರ ಕಾಣಿಸಲೇಬೇಕು. ಇಲ್ಲದಿದ್ದರೆ ಮೈಲಿಗೆ.

ಹೋದ ವರ್ಷ ಒಂದು ಸರ್ವರ್‌ನ ಆಂಟಿವೈರಸ್ ಚಿತ್ರ ಕಳಿಸಿದೆ. ಹಸಿರು ಟಿಕ್, ಎಲ್ಲ ಸರಿ. ಆದರೆ ಗಡಿಯಾರ ಕತ್ತರಿಸಿ ಹೋಗಿತ್ತು. ಆಡಿಟರ್ ವಾಪಸ್ ಕಳಿಸಿದರು. ಐಟಿ ಹುಡುಗನ ಹತ್ತಿರ ಓಡಿದೆ. "ಗುರು, ಇನ್ನೊಂದು ತೆಗಿ." ತೆಗೆದ. ಅಷ್ಟರಲ್ಲಿ ಲೈಸೆನ್ಸ್ ಮುಗಿದು ಹಸಿರು ಟಿಕ್ ಕೆಂಪಾಗಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆದದ್ದಾಗಲಿ ಅಂತ ಕಳಿಸಿಬಿಟ್ಟೆವು. ಹತ್ತೇ ನಿಮಿಷಕ್ಕೆ ಉತ್ತರ ಬಂತು: "ಈಗ ಗಡಿಯಾರ ಸ್ಪಷ್ಟವಾಗಿದೆ. ಧನ್ಯವಾದ."

ಇನ್ನು ರಿಸ್ಕ್. ನಮ್ಮಲ್ಲಿ ಮೂಲೆಯಲ್ಲೊಂದು ವಿಂಡೋಸ್ ಸರ್ವರ್ 2008 ಇದೆ. ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಉಚಿತ ಅಪ್‌ಡೇಟ್ ನಿಲ್ಲಿಸಿ ಅದಕ್ಕೆ ಎಳ್ಳುನೀರು ಬಿಟ್ಟಾಗಿದೆ. ತೆಗೆಸೋಣ ಅಂದರೆ ಪೇರೋಲ್ ಓಡುವುದೇ ಅದರ ಮೇಲೆ. ಅತ್ತೆ ಕೇಳಿದ ಸಂಬಳ ಬರುವುದೂ ಅಲ್ಲಿಂದಲೇ. ಹಾಗಾಗಿ ವರ್ಷಕ್ಕೊಮ್ಮೆ ಅಪಾಯಗಳ ಪಟ್ಟಿ ಬರೆದಿಡುವ ರಿಸ್ಕ್ ರಿಜಿಸ್ಟರ್‌ನಲ್ಲಿ "ರಿಸ್ಕ್ ಅಕ್ಸೆಪ್ಟೆಡ್" ಎಂದು ಬರೆದು ದೊಡ್ಡವರ ಸಹಿ ಹಾಕಿಸುತ್ತೇನೆ. ಸೂರು ಸೋರುತ್ತಿದೆ ಅಂತ ಡೈರಿಯಲ್ಲಿ ಬರೆದಿಟ್ಟು ಮಲಗಿದ ಹಾಗೆ. ಡೈರಿ ಮಾತ್ರ ನೆನೆಯಬಾರದು. ಅದಕ್ಕೆ ಬ್ಯಾಕಪ್ ಪಾಲಿಸಿ ಇದೆ.

ಪಾಸ್‌ವರ್ಡ್ ಕಥೆ ಕೇಳಿ. ಸುಮ್ಸುಮ್ನೆ ಇಷ್ಟು ದಿನಕ್ಕೊಮ್ಮೆ ಬದಲಿಸಿ ಅಂತ ಜನರನ್ನು ಕಾಡಬೇಡಿ, ಸೋರಿದ್ದು ಗೊತ್ತಾದಾಗ ಬದಲಿಸಿದರೆ ಸಾಕು ಎಂದು ಮಾನದಂಡ ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿತು. ಗ್ರಾಹಕರು ಕಳಿಸುವ ಎಕ್ಸೆಲ್ ಪ್ರಶ್ನಾವಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. "90 ದಿನಕ್ಕೊಮ್ಮೆ ಬದಲಿಸುತ್ತೀರಾ? ಹೌದು/ಇಲ್ಲ." ಇಲ್ಲ ಅಂದರೆ ವ್ಯಾಪಾರ ಕೈಬಿಟ್ಟು ಹೋಗುತ್ತದೆ. ಅದಕ್ಕೇ ನಮ್ಮ ಆಫೀಸಿನಲ್ಲಿ ಯುಗಾದಿಗೆ ಯುಗಾದಿ@123, ದಸರಾಕ್ಕೆ ದಸರಾ@123. ನಡುವೆ ಗಣೇಶ ಇದ್ದೇ ಇದ್ದಾನೆ.

ಸರ್ಕಾರವೂ ನಮ್ಮ ಪಂಥದ್ದೇ. 2022ರ ಮೇ 27ರಂದು ಆಧಾರ್ ಕೊಡುವ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸ್ ಸಿಕ್ಕಸಿಕ್ಕವರಿಗೆ ಕೊಡಬೇಡಿ, ದುರುಪಯೋಗ ಆಗಬಹುದು ಎಂದಿತು. ಮೇ 29ಕ್ಕೆ ಕೇಂದ್ರದ ಐಟಿ ಸಚಿವಾಲಯ ಅದನ್ನು ವಾಪಸ್ ಪಡೆಯಿತು. ಜನ ತಪ್ಪು ತಿಳಿಯಬಹುದಂತೆ! ಲಾಡ್ಜ್‌ಗೆ ಹೋದವರಿಗೂ ಅರ್ಥ ಆಗುವ ಹಾಗೆ ಬರೆದಿದ್ದರು ಪಾಪ. ನಮ್ಮ ಲೈನಿನಲ್ಲಿ ಅಷ್ಟು ಬಿಡಿಸಿ ಹೇಳುವ ಪದ್ಧತಿ ಇಲ್ಲ.

ಈ ಸಲ ಆಡಿಟರ್ ಬಂದಾಗ ಗೇಟಿನಲ್ಲಿ ಸೆಕ್ಯುರಿಟಿಯವರು ನೋಟ್‌ಬುಕ್ ಮುಂದಿಟ್ಟರು. ಹೆಸರು, ಮೊಬೈಲ್ ನಂಬರ್, ಯಾರನ್ನು ನೋಡಬೇಕು. ಮೇಲಿನ ಸಾಲುಗಳಲ್ಲಿ ಬೆಳಗಿನಿಂದ ಬಂದವರ ನಂಬರೆಲ್ಲ ಬಾಯಿ ಬಿಟ್ಟುಕೊಂಡು ಕೂತಿದ್ದವು. ಕೊರಿಯರ್ ಹುಡುಗ, ನೀರಿನ ಕ್ಯಾನಿನವನು, ಇಂಟರ್‌ವ್ಯೂಗೆ ಬಂದ ಹುಡುಗಿ. ಪೆನ್ನಿಗೆ ಮಾತ್ರ ದಾರ ಕಟ್ಟಿತ್ತು. ಕಳುವಾಗಬಾರದಲ್ಲ.

ಆಡಿಟರ್ ಪುಟ ತಿರುವಿದರು. ನನ್ನ ಎದೆ ಡವಡವ ಅಂತು.

"ಇದಕ್ಕೆ ಪಾಲಿಸಿ ಇದೆಯೇನ್ರೀ?"

"ಇದೆ ಸಾರ್. ವರ್ಷನ್ 1.3."

"ಟೈಮ್ ಬರೆಯೋ ಕಾಲಂ?"

"ಇಲ್ಲೇ ಇದೆ ಸಾರ್."

ತಲೆಯೆತ್ತಿ ಗೋಡೆ ಗಡಿಯಾರ ನೋಡಿದರು. 10.05 ಎಂದು ದುಂಡಗೆ ಬರೆದು ಒಳಗೆ ನಡೆದರು.