ಅಂಗಡಿಯ ನಂಬರು ಯಾರ ಜೇಬಿನಲ್ಲಿದೆ?

ಬೈಲಹೊಂಗಲದಲ್ಲಿ ನಮ್ಮ ಭಾವ ಪಂಪು, ಮೋಟಾರು, ಪೈಪಿನ ಅಂಗಡಿ ಇಟ್ಟಿದ್ದಾರೆ. ಅವರ ಬೋರ್ಡಿನ ಮೇಲಿರುವ ಫೋನ್ ನಂಬರು ಕಳೆದ ದೀಪಾವಳಿಯಿಂದ ಎದುರು ಸಾಲಿನ ಇನ್ನೊಂದು ಪಂಪಿನ ಅಂಗಡಿಯಲ್ಲಿ ರಿಂಗಾಗುತ್ತಿದೆ.

ಆಗಿದ್ದು ಇಷ್ಟೇ. ಆ ಸಿಮ್ ಇದ್ದದ್ದು ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನ ಹೆಸರಿನಲ್ಲಿ. ಹತ್ತು ವರ್ಷ ಅವನೇ ಫೋನ್ ಎತ್ತಿದ, ಅವನೇ ಮೋಟಾರಿನ ರೇಟು ಹೇಳಿದ. ಆಮೇಲೆ ಕೆಲಸ ಬಿಟ್ಟು ಸ್ವಂತ ಅಂಗಡಿ ಹಾಕಿದ. ನಂಬರು ಅವನ ಜೇಬಿನಲ್ಲೇ ಹೋಯಿತು. ಜೊತೆಗೆ ಸುತ್ತಲಿನ ಹಳ್ಳಿಗಳ ರೈತರೂ ಹೋದರು. ಕಳ್ಳತನ ಅನ್ನೋಣ ಅಂದರೆ ಅದು ಅವನದೇ ಸಿಮ್!

ನಾನು ಇರುವುದು ಇಂಗ್ಲೆಂಡಿನ ಲೀಡ್ಸ್ ಹತ್ತಿರ. ಹದಿನಾಲ್ಕು ಜನರಿರುವ ಒಂದು ಲೆಕ್ಕಪತ್ರದ ಕಚೇರಿಯಲ್ಲಿ ಕಂಪ್ಯೂಟರು, ಪ್ರಿಂಟರು, ಫೋನು ಎಲ್ಲ ನನ್ನ ತಲೆಗೇ. ಈ ಕಚೇರಿ ಮೂರು ಸಲ ಜಾಗ ಬದಲಿಸಿದೆ. ಮಾಲೀಕರು ಒಮ್ಮೆ ಬದಲಾಗಿದ್ದಾರೆ. 0113 ಎಂದು ಶುರುವಾಗುವ ಅದರ ನಂಬರು ಮಾತ್ರ ಎಷ್ಟೋ ವರ್ಷಗಳಿಂದ ಹಾಗೇ ಇದೆ. ಫೋನ್ ಕಂಪನಿ ಬದಲಿಸಿದರೂ ನಂಬರು ನಮ್ಮ ಹಿಂದೆಯೇ ಬರುತ್ತದೆ. ಭಾರತದಲ್ಲಿ ಮೊಬೈಲಿಗೆ 2011ರಿಂದ ಆ ಸೌಲಭ್ಯ ಇದೆ. ಲ್ಯಾಂಡ್‌ಲೈನಿಗೆ ಇಲ್ಲ.

ಎರಡು ವರ್ಷದ ಹಿಂದೆ ಈ ನಂಬರನ್ನು ತಾಮ್ರದ ತಂತಿಯಿಂದ ಇಂಟರ್ನೆಟ್ಟಿಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಬ್ರಿಟನ್ನಿನಲ್ಲಿ ಹಳೇ ಫೋನ್ ಜಾಲವನ್ನೇ ಮುಚ್ಚುತ್ತಿದ್ದಾರೆ. 2023ರ ಸೆಪ್ಟೆಂಬರಿನಿಂದ ಹಳೇ ತರಹದ ಹೊಸ ಲೈನ್ ಕೊಡುವುದನ್ನು ನಿಲ್ಲಿಸಿದರು. ಪೂರ್ತಿ ಬಂದ್ ಆಗಬೇಕಿದ್ದದ್ದು 2025ರ ಕೊನೆಗೆ. ಅದನ್ನು 2027ರ ಜನವರಿಗೆ ಮುಂದೂಡಿದರು. ಕಾರಣ ಸರಳ. ಎಂಬತ್ತರ ದಶಕದ ಎಕ್ಸ್‌ಚೇಂಜುಗಳು ಮುದಿಯಾಗಿವೆ, ಬಿಡಿಭಾಗ ಸಿಗುತ್ತಿಲ್ಲ, ಅದನ್ನು ಬಲ್ಲವರು ರಿಟೈರಾಗುತ್ತಿದ್ದಾರೆ.

ನಾನು ಇದನ್ನು ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ. ಒಂದು ಕರೆಗೆ ಬೇಕಾಗುವುದು ಸೆಕೆಂಡಿಗೆ ಹೆಚ್ಚೆಂದರೆ 100 ಕಿಲೋಬಿಟ್. ಈಗಿನ ಕಾಲದಲ್ಲಿ ಅದು ಎಷ್ಟರ ಮಾತು! ಆದರೆ ದನಿಗೆ ವೇಗಕ್ಕಿಂತ ಸರದಿ ಮುಖ್ಯ. ಮದುವೆ ಪಂಕ್ತಿಯಲ್ಲಿ ಎಲೆಗೆ ಸಾರು ಮೊದಲು ಬಂದು ಅನ್ನ ಆಮೇಲೆ ಬಂದರೆ ಹೇಗೋ ಹಾಗೆ, ದನಿಯನ್ನು ಹೊತ್ತ ಸಣ್ಣ ಚೂರುಗಳು, ಅಂದರೆ ಪ್ಯಾಕೆಟ್ಟುಗಳು, ಹಿಂದುಮುಂದಾಗಿ ತಡವಾಗಿ ಬಂದರೆ ಮಾತು ಕೆಡುತ್ತದೆ. ಕಚೇರಿಯಲ್ಲಿ ಯಾರಾದರೂ ದೊಡ್ಡ ಫೈಲ್ ಕಳಿಸಲು ಶುರುಮಾಡಿದರೆ ಸಾಕು, ಫೋನಿನಲ್ಲಿದ್ದವರ ಮಾತು ತುಂಡುತುಂಡಾಗುತ್ತಿತ್ತು. ದನಿಗೆ ಮೊದಲ ದಾರಿ ಬಿಡು ಎಂದು ರೂಟರಿಗೆ ಹೇಳಿಕೊಟ್ಟೆ.

ಇನ್ನೊಂದು ಕಾಟ ಇದಕ್ಕಿಂತ ದೊಡ್ಡದು. ನಮ್ಮ ಮಾತು ಗಿರಾಕಿಗೆ ಕೇಳುತ್ತದೆ, ಗಿರಾಕಿಯ ಮಾತು ನಮಗೆ ಇಲ್ಲ. ಎರಡು ದಿನ ಒದ್ದಾಡಿದೆ. ಕೊನೆಗೆ ನೋಡಿದರೆ ರೂಟರಿನಲ್ಲಿ ಸಿಪ್ ಎಎಲ್‌ಜಿ ಅನ್ನುವ ಒಂದು ಸೆಟ್ಟಿಂಗ್. ಇಂಟರ್ನೆಟ್ ಕರೆಗೆ ಸಹಾಯ ಮಾಡಲೆಂದೇ ಇಟ್ಟದ್ದು ಅದು. ಸಹಾಯ ಮಾಡಲು ಹೋಗಿ ಕರೆಯ ವಿಳಾಸವನ್ನೇ ತಿದ್ದಿಬಿಡುತ್ತದೆ. ಆಫ್ ಮಾಡಿದೆ, ಸರಿಹೋಯಿತು. ಈ ಕೆಲಸ ಮಾಡಿದ ಯಾರನ್ನು ಕೇಳಿದರೂ ಇದೇ ಕತೆ ಹೇಳುತ್ತಾರೆ.

ಆದರೆ ನಿಜವಾಗಿ ಹೊತ್ತು ತಿಂದದ್ದು ಫೋನುಗಳಲ್ಲ. ಹಳೇ ಲೈನಿಗೆ ಏನೇನು ಕಟ್ಟಿಕೊಂಡಿದೆ ಎಂದು ಹುಡುಕುವುದು. ಲಿಫ್ಟಿನೊಳಗಿನ ತುರ್ತು ಫೋನು, ಕಳ್ಳರ ಅಲಾರಂ, ಹಳೇ ಕಾರ್ಡ್ ಮಿಷನ್ನು. ಯಾರಿಗೂ ನೆನಪಿಲ್ಲದ ಒಂದು ತಂತಿ ಕಪಾಟಿನ ಹಿಂದೆ ಹೋಗಿ ಫ್ಯಾಕ್ಸಿಗೆ ಸೇರಿತ್ತು. ಫ್ಯಾಕ್ಸ್ ಮಿಷನ್ ಮಾತ್ರ ಅಲ್ಲಿರಲಿಲ್ಲ.

ನಮ್ಮ ಎದುರು ಮನೆಯ ಅಜ್ಜಿಯ ಕೊರಳಲ್ಲಿ ಒಂದು ಗುಂಡಿ ನೇತಾಡುತ್ತದೆ. ಬಿದ್ದರೆ ಒತ್ತಬೇಕು, ಫೋನ್ ಲೈನಿನ ಮೂಲಕ ಸಹಾಯ ಕೇಂದ್ರಕ್ಕೆ ಕರೆ ಹೋಗುತ್ತದೆ. ಹಳೇ ಫೋನಿಗೆ ಕರೆಂಟು ಬರುತ್ತಿದ್ದದ್ದು ಎಕ್ಸ್‌ಚೇಂಜಿನ ಬ್ಯಾಟರಿಯಿಂದ, ಅದೇ ತಂತಿಯಲ್ಲಿ. ಮನೆಯಲ್ಲಿ ದೀಪ ಹೋದರೂ ಫೋನ್ ಬದುಕಿರುತ್ತಿತ್ತು. ಇಂಟರ್ನೆಟ್ ಫೋನು ಹಾಗಲ್ಲ. ರೂಟರಿಗೆ ಕರೆಂಟು ಹೋದರೆ ಅದೂ ಸತ್ತಿತು. ಲೈನ್ ಬದಲಿಸಿದ ಮೇಲೆ ಕೆಲವರ ಈ ಗುಂಡಿಗಳು ಕೈಕೊಟ್ಟವು. 2023ರ ಡಿಸೆಂಬರಿನಲ್ಲಿ ಸರಕಾರ ಫೋನ್ ಕಂಪನಿಗಳನ್ನು ಕರೆದು ಕೂರಿಸಿತು. ಇಂಥವರ ಲೈನನ್ನು ಬಲವಂತವಾಗಿ ಬದಲಿಸುವುದಿಲ್ಲ ಎಂದು ಕಂಪನಿಗಳು ಒಪ್ಪಿಕೊಂಡವು. ಲ್ಯಾಂಡ್‌ಲೈನನ್ನೇ ನಂಬಿದವರಿಗೆ ಕರೆಂಟು ಹೋದ ಮೇಲೂ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡುವ ದಾರಿ ಇರಬೇಕು ಎಂಬುದು ಇಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ಮಾತು.

ಇಲ್ಲಿ ಸ್ವಲ್ಪ ನಗು ಬರುತ್ತದೆ. ನಮ್ಮ ಕಚೇರಿಗೆ ಒಂದು ಯುಪಿಎಸ್ ತರೋಣ ಅಂದೆ. ಯಜಮಾನತಿ ನನ್ನ ಮುಖ ನೋಡಿದರು. ಅವರ ಪ್ರಕಾರ ಅದು ಆಸ್ಪತ್ರೆಗಳಲ್ಲಿ ಇರುವ ವಸ್ತು. ನಮ್ಮೂರಿನಲ್ಲಿ ಟಿವಿಗಿಂತ ಮೊದಲು ಯುಪಿಎಸ್ ತಂದ ಮನೆಗಳಿವೆ ಎಂದು ವಿವರಿಸಿದೆ. ಕರೆಂಟು ಹೋಗುವುದು ನಮಗೆ ದಿನದ ಮಾತು, ಅವರಿಗೆ ಸುದ್ದಿ.

ಈಗ ನಮ್ಮ ಕಡೆಯ ಕತೆ. ಹಾಗೆ ನೋಡಿದರೆ ದೂರವಾಣಿಯ ವಿಷಯದಲ್ಲಿ ನಾವು ಹಿಂದುಳಿದವರೇನಲ್ಲ. ಹಳ್ಳಿಯ ಬಿಸಿಲು ಧೂಳು ತಡೆಯುವಂತೆ, ಎಸಿ ಇಲ್ಲದೆ ನಡೆಯುವಂತೆ ಸರಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಮಾಡಿದ 128 ಲೈನಿನ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಆಗ ನನಗೆ ಹತ್ತು ವರ್ಷ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ನಮ್ಮ ಅಪ್ಪ ಅದನ್ನು ಹೊರಗಿನಿಂದ ನೋಡಲೆಂದೇ ನನ್ನನ್ನು ಬಸ್ಸಿನಲ್ಲಿ ಕರೆದೊಯ್ದಿದ್ದರು. ನೋಡಲು ಏನೂ ಇರಲಿಲ್ಲ, ಒಂದು ಕೋಣೆ ಅಷ್ಟೇ.

ಕಾನೂನು ಮಾತ್ರ ತಡವಾಗಿ ಎದ್ದಿತು. 2002ರ ಏಪ್ರಿಲ್‌ನಲ್ಲಿ ಭಾರತದಲ್ಲಿ ಇಂಟರ್ನೆಟ್ ಕರೆಗೆ ಒಪ್ಪಿಗೆ ಸಿಕ್ಕಿತು. ಕಂಪ್ಯೂಟರಿನಿಂದ ಅಮೆರಿಕದ ಫೋನಿಗೆ ಮಾಡಬಹುದು, ಪಕ್ಕದ ಬೀದಿಯ ಫೋನಿಗೆ ಮಾಡುವಂತಿಲ್ಲ! ನಾನು ಆ ದಶಕದಲ್ಲಿ ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿದ್ದೆ. ನನ್ನ ಮೇಜಿನ ಮೇಲೆ ಎರಡು ಫೋನ್ ಇದ್ದವು. ಒಂದು ಕಂಪನಿಯ ಒಳಗಿನ ಇಂಟರ್ನೆಟ್ ಫೋನು, ಇನ್ನೊಂದು ಊರಿನ ಸಾಮಾನ್ಯ ಲೈನು. ಎರಡೂ ಬೆರೆಯಬಾರದು. ಬೆಂಗಳೂರಿನ ಲೈನಿಗೆ ಬಂದ ಕರೆಯನ್ನು ಒಳಜಾಲದಲ್ಲಿ ಮುಂಬೈಗೆ ಸಾಗಿಸಿ ಅಲ್ಲಿನ ಲೈನಿಗೆ ಬಿಟ್ಟರೆ ಎಸ್‌ಟಿಡಿ, ಅಂದರೆ ದೂರದೂರಿನ ಕರೆಯ, ಹಣ ತಪ್ಪಿಸಿದಂತೆ, ಅದು ಅಪರಾಧ. ತಪಾಸಣೆ ಇದೆ ಅಂದರೆ ಮ್ಯಾನೇಜರಿಗೆ ನಿದ್ದೆ ಇರುತ್ತಿರಲಿಲ್ಲ.

ಆಗ ಅದಕ್ಕೆ ಅರ್ಥವಿತ್ತು. ಎಸ್‌ಟಿಡಿ ದುಡ್ಡಿನಿಂದಲೇ ಹಳ್ಳಿಗೆ ತಂತಿ ಎಳೆಯಬೇಕಿತ್ತು. ಕರೆ ಎಲ್ಲಿಂದ ಬಂತು ಎಂದು ಪೊಲೀಸರಿಗೆ ಗೊತ್ತಾಗಬೇಕು ಅನ್ನುವುದೂ ಸುಳ್ಳು ಭಯವಲ್ಲ. ಹತ್ತಾರು ಸಿಮ್ ತುಂಬಿದ ಸಿಮ್ ಬಾಕ್ಸ್ ಇಟ್ಟು ವಿದೇಶಿ ಕರೆಗಳನ್ನು ಲೋಕಲ್ ಕರೆಯ ಹಾಗೆ ತೋರಿಸುತ್ತಿದ್ದವರು ಬೆಂಗಳೂರಿನಲ್ಲೇ ಸಿಕ್ಕಿಬಿದ್ದಿದ್ದಾರೆ. ಆದರೆ 2016ರಲ್ಲಿ ಜಿಯೋ ಬಂತು. ಅದರ ಇಡೀ ಜಾಲವೇ ಇಂಟರ್ನೆಟ್ ದನಿ, ಹಳೇ ತರಹದ ಕರೆಯೇ ಅಲ್ಲಿಲ್ಲ. ಎಸ್‌ಟಿಡಿ ಅನ್ನುವ ಪದವೇ ಸತ್ತುಹೋಯಿತು. ಆದರೂ ಕಚೇರಿಗಳ ಮೇಲಿನ ಕಟ್ಟು ಸಡಿಲವಾದದ್ದು 2020, 2021ರ ಹೊತ್ತಿಗೆ, ಅದೂ ಎಲ್ಲರೂ ಮನೆಯಿಂದ ಕೆಲಸ ಮಾಡುವ ಕಾಲ ಬಂದ ಮೇಲೆ. ಮಧ್ಯೆ 2018ರಲ್ಲಿ ಬಿಎಸ್‌ಎನ್‌ಎಲ್ ವಿಂಗ್ಸ್ ಅಂತ ಒಂದು ಆ್ಯಪ್ ತಂದಿತು. ಆಗ ವರ್ಷಕ್ಕೆ 1,099 ರೂಪಾಯಿ, ಸಿಮ್ ಬೇಡ, ನಂಬರು ಸಿಗುತ್ತಿತ್ತು. ನಮ್ಮ ನೆಂಟರಲ್ಲಿ ಅದರ ಹೆಸರು ಕೇಳಿದವರು ಒಬ್ಬರೂ ಇಲ್ಲ.

ಅಷ್ಟು ಹೊತ್ತಿಗೆ ನಮ್ಮ ಸಣ್ಣ ಅಂಗಡಿಗಳು ಬೇರೆ ದಾರಿ ಹಿಡಿದಿದ್ದವು. ಲ್ಯಾಂಡ್‌ಲೈನ್ ಕಿತ್ತುಹಾಕಿ ಮೊಬೈಲು. ಬ್ರಿಟನ್ನಿನವರು ಇಪ್ಪತ್ತು ವರ್ಷ ಎಳೆದದ್ದನ್ನು ನಾವು ಒಂದೇ ನೆಗೆತಕ್ಕೆ ದಾಟಿದೆವು ಎಂದು ಹೆಮ್ಮೆಪಡುವವರಿದ್ದಾರೆ. ನಾನೂ ಹಾಗೇ ಹೇಳಿಕೊಂಡು ಓಡಾಡುತ್ತಿದ್ದೆ. ಭಾವನವರ ಗತಿ ನೋಡಿದ ಮೇಲೆ ಅಷ್ಟು ಗಟ್ಟಿಯಾಗಿ ಹೇಳಲಾರೆ. ಬ್ರಿಟನ್ನಿನಲ್ಲಿ ನಂಬರು ಅಂಗಡಿಯದು. ಅದನ್ನು ನಾಲ್ಕು ಜನರ ಮೊಬೈಲಿನಲ್ಲಿ ಒಟ್ಟಿಗೆ ರಿಂಗಾಗಿಸಬಹುದು, ಒಬ್ಬ ಬಿಟ್ಟುಹೋದರೆ ಅವನ ಹೆಸರು ಅಳಿಸಿದರಾಯಿತು. ನಮ್ಮಲ್ಲಿ ನಂಬರು ಫೋನ್ ಎತ್ತುವವನದು. ಇಂಟರ್ನೆಟ್ ಫೋನು ಅಂದರೆ ಅಗ್ಗದ ಕರೆ ಎಂದೇ ನಮ್ಮವರು ತಿಳಿದಿದ್ದಾರೆ. ಕರೆ ಈಗ ಹೇಗೂ ಅಗ್ಗವೇ, ಅಲ್ವಾ? ಅಂಗಡಿಗೆ ಅದರಿಂದ ಸಿಗುವ ಲಾಭ ಅಂದರೆ ನಂಬರು ಅಂಗಡಿಯಲ್ಲೇ ಉಳಿಯುವುದು.

ದೊಡ್ಡ ಕಂಪನಿಗಳಿಗೆ ಇದು ಗೊತ್ತು. ಎಕ್ಸೊಟೆಲ್‌ನಂಥ ಬೆಂಗಳೂರಿನ ಕಂಪನಿಗಳು 2011ರಿಂದ ಇದನ್ನೇ ಮಾರುತ್ತಿವೆ. ಪೈಪಿನ ಅಂಗಡಿಗೆ ಅಷ್ಟೆಲ್ಲ ಬೇಕಿಲ್ಲ.

ಈ ಸಲ ಊರಿಗೆ ಹೋದಾಗ ಭಾವನವರ ಅಂಗಡಿಯ ಫೈಬರ್ ಡಬ್ಬಿಯನ್ನು ಗೋಡೆಯಿಂದ ಇಳಿಸಿ ತಿರುಗಿಸಿ ನೋಡಿದೆ. ಹಿಂದೆ ಫೋನಿನ ತೂತು ಇತ್ತು, ಜೇಡ ಬಲೆ ಕಟ್ಟಿತ್ತು. ಕನೆಕ್ಷನ್ ಜೊತೆಗೇ ಒಂದು ಲ್ಯಾಂಡ್‌ಲೈನ್ ನಂಬರು ಬಂದಿದೆ, ಬಿಲ್ಲಿನ ಮೇಲೆ ಪ್ರತಿ ತಿಂಗಳು ಅಚ್ಚಾಗುತ್ತಿದೆ. ನಾಲ್ಕು ವರ್ಷದಿಂದ ಯಾರೂ ಫೋನ್ ಸಿಕ್ಕಿಸಿಲ್ಲ. ಪೇಟೆಯಿಂದ ಒಂದು ಸಾದಾ ಫೋನ್ ತಂದು ಸಿಕ್ಕಿಸಿದೆ. ಟೋನ್ ಬಂತು. ಡಬ್ಬಿಯ ವೈರನ್ನು ಯುಪಿಎಸ್ಸಿಗೆ ಕೊಟ್ಟೆ.

"ಅದೆಲ್ಲಾ ಬರೋಬರಿ ಐತಿ. ಈ ನಂಬರಿಗೆ ವಾಟ್ಸಾಪ್ ಬರ್ತದೇನಪಾ?" ಅಂದರು ಭಾವ. ಬರುತ್ತದೆ ಅಂದೆ. ಬಿಸಿನೆಸ್ ವಾಟ್ಸಾಪಿನಲ್ಲಿ ಲ್ಯಾಂಡ್‌ಲೈನ್ ನಂಬರು ಕೊಟ್ಟು, ಮೆಸೇಜಿನ ಬದಲು ಕರೆ ಮಾಡಿ ಕೋಡ್ ಹೇಳು ಅನ್ನಬೇಕು. ಫೋನ್ ರಿಂಗಾಯಿತು. ಒಳಗಿದ್ದ ಅಕ್ಕ ಎತ್ತಿ, "ಯಾರೋ ಬರೇ ನಂಬರ್ ಹೇಳಾಕತ್ತಾರ್ರೀ" ಎಂದು ಇಟ್ಟೇಬಿಟ್ಟಳು. ಎರಡನೇ ಸಲಕ್ಕೆ ನಾನೇ ಹೋಗಿ ನಿಂತೆ.

ಬೋರ್ಡ್ ಬರೆಯುವವನು ಇನ್ನೂ ಬಂದಿಲ್ಲವಂತೆ. ಅಲ್ಲಿಯವರೆಗೆ ಹಳೇ ನಂಬರಿನ ಮೇಲೆ ಭಾವ ಪೇಪರ್ ಅಂಟಿಸಿದ್ದಾರೆ. ಗಾಳಿಗೆ ಅದು ದಿನಾ ಬಿಚ್ಚಿಕೊಳ್ಳುತ್ತದೆ ಅಂತ ಫೋನಿನಲ್ಲಿ ಹೇಳುತ್ತಿದ್ದರು.